ಕೈ ಕಲಿತ ಹೊಟ್ಟೆ

"ಇನ್ನೊಂಚೂರು ಎತ್ತು ಪುಟ್ಟಾ. ಹಾಂ, ಸಾಕು. ಹಾಗೇ ಹಿಡ್ಕೋ."

ನರ್ಸಕ್ಕ ಹೇಳಿದಂತೆ ಮಗಳು ಅಮ್ಮನ ಬೆನ್ನ ಕೆಳಗೆ ಎರಡೂ ಕೈ ತೂರಿಸಿ ಎತ್ತಿ ಹಿಡಿದಳು. ಟೈಲರಕ್ಕ ನೀಲಿ ಅಂಗಿಯನ್ನು ಹೆಗಲಿನಿಂದ ಕೆಳಕ್ಕೆ ಎಳೆದಳು. ಕೈಗಳು ಸಲೀಸಾಗಿ ಒಳಗೆ ಹೋದವು; ತೋಳಿನೊಳಗೆ ಇನ್ನೊಬ್ಬರ ಕೈ ಹಿಡಿಸುವಷ್ಟು ಜಾಗ ಉಳಿಯಿತು. ಆದರೆ ಹೊಟ್ಟೆಯ ಹತ್ತಿರ ಬಂದದ್ದೇ ಅಂಗಿ ನಿಂತುಬಿಟ್ಟಿತು. ಗುಂಡಿಗಳು ಒಂದು ಕಡೆ, ಕಾಜಾಗಳು ಇನ್ನೊಂದು ಕಡೆ, ನಡುವೆ ಅಂಗೈ ಅಗಲದ ಹೊಟ್ಟೆ.

"ನಾನೇ ಹೊಲಿದದ್ದು ಕಣ್ರೀ," ಎಂದಳು ಟೈಲರಕ್ಕ. "ಹೋದ ವರ್ಷ ಇದೇ ಕೋಣೇಲಿ ನಿಲ್ಲಿಸಿ ಅಳತೆ ತಗೊಂಡಿದ್ದೆ. ಸಡಿಲವಾಗೇ ಬಿಟ್ಟಿದ್ದೆ. 'ಯಾಕೆ ಇಷ್ಟು ಜಾಗ, ಅರ್ಧ ಬಾಡಿಗೆಗೆ ಕೊಡ್ಲಾ?' ಅಂತ ನಕ್ಕಿದ್ರು ಟೀಚರ್."

ಯಾರೂ ನಗಲಿಲ್ಲ. ಹೇಳಿದವಳೂ ನಗಲಿಲ್ಲ.

"ಪಕ್ಕದ ಹೊಲಿಗೆ ಬಿಚ್ಚು," ಎಂದಳು ನರ್ಸಕ್ಕ. "ಮೇಲೆ ಹೊದಿಕೆ ಹಾಕ್ತೀವಲ್ಲ, ಕಾಣಲ್ಲ."

"ಕಾಣಲ್ಲ ಅಂತ ಏನು ಬೇಕಾದ್ರೂ ಮಾಡೋಕಾಗುತ್ತಾ?" ಎಂದು ಗೊಣಗಿದರೂ ಟೈಲರಕ್ಕ ಚೀಲದಿಂದ ಪುಟ್ಟ ಕತ್ತರಿ ತೆಗೆದಳು. ಪರ್ರೆಂದು ಹರಿಯಬಹುದಿತ್ತು. ಹರಿಯಲಿಲ್ಲ. ಒಂದೊಂದೇ ಹೊಲಿಗೆಯನ್ನು ತುದಿಯಿಂದ ಎತ್ತಿ ಕತ್ತರಿಸತೊಡಗಿದಳು.

ಅಮ್ಮನನ್ನು ಕೊನೆಯ ಸಲ ಮಲಗಿಸಿದ್ದು ಅವಳ ಕೆಲಸದ ಮಂಚದ ಮೇಲೆ. ಬೀದಿಯ ಕಡೆಗಿನ ಈ ಕೋಣೆ ಅವಳದ್ದು. ನಿಂತು ಕೆಲಸ ಮಾಡಿದರೆ ಸೊಂಟ ಬಗ್ಗಬಾರದೆಂದು ಎತ್ತರವಾಗಿ ಮಾಡಿಸಿದ ಮಂಚ, ಎಣ್ಣೆಯ ಬಾಟಲಿಗಳು, ಮಡಚಿಟ್ಟ ಟವೆಲುಗಳು, ಬಂದವರು ಚಪ್ಪಲಿ ಬಿಡಲು ಬಾಗಿಲ ಬಳಿ ಒಂದು ಹಳೆಯ ಮ್ಯಾಟು. ಹೊಟ್ಟೆ ಬಿಗಿದವರು, ಊಟ ಸೇರದವರು, ಹೆತ್ತ ಮೇಲೆ ಒಳಗೆಲ್ಲ ಸಡಿಲವಾಯಿತು ಎನ್ನುವವರು, ಆಪರೇಷನ್ ಆಗಿ ಒಳಗೆಲ್ಲ ಅಂಟಿಕೊಂಡಿತು ಎನ್ನುವವರು ಇಲ್ಲಿಗೆ ಬರುತ್ತಿದ್ದರು. ಅಮ್ಮ ಹೊರಗಿನಿಂದಲೇ ಬೆರಳಿಟ್ಟು ಜಠರ, ಕರುಳು, ಲಿವರ್ ಒಂದೊಂದನ್ನೂ ನಿಧಾನವಾಗಿ ಹುಡುಕಿ ಸಡಿಲಿಸುತ್ತಿದ್ದಳು. ಜ್ವರ ಇದ್ದರೆ, ರಕ್ತ ಹೋಗುತ್ತಿದ್ದರೆ ಮುಟ್ಟುತ್ತಿರಲಿಲ್ಲ. ನಾನು ಡಾಕ್ಟರಲ್ಲ ಎಂದು ಆಸ್ಪತ್ರೆಗೆ ಕಳಿಸುತ್ತಿದ್ದಳು. ಆಸಕ್ತಿಯಿದ್ದ ಹೆಂಗಸರಿಗೆ ಕಲಿಸುತ್ತಲೂ ಇದ್ದಳು. ಬೀದಿಯವರೆಲ್ಲ ಅವಳನ್ನು ಹೊಟ್ಟೆ ಟೀಚರ್ ಎನ್ನುತ್ತಿದ್ದರು. ಅಂಚೆಯವನೂ ಹಾಗೇ ಕೂಗುತ್ತಿದ್ದ.

ಮೊದಲ ಶಿಷ್ಯೆ ನರ್ಸಕ್ಕ. ಆಮೇಲೆ ಎಷ್ಟೋ ಜನ ಬಂದು ಹೋದರು, ಅವರ ನಡುವೆ ಟೈಲರಕ್ಕ. ಎಲ್ಲರಿಗಿಂತ ಕೊನೆಯವಳು ಮಗಳು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಚಿಕ್ಕಮ್ಮ ಕೂತಿದ್ದಳು. ಅಮ್ಮನ ಒಬ್ಬಳೇ ತಂಗಿ. ಬೆಳಗಿನ ಬಸ್ಸಿಗೆ ಬಂದವಳು ಇನ್ನೂ ಬಾಯಿಗೆ ನೀರು ಹಾಕಿರಲಿಲ್ಲ. ಕೈಚೀಲವನ್ನು ಹೊಟ್ಟೆಗೆ ಅವಚಿಕೊಂಡು ಕತ್ತರಿಯ ತುದಿಯನ್ನೇ ನೋಡುತ್ತಿದ್ದಳು. ಅವಳ ಮಾತು ಒಮ್ಮೆಲೇ ಬಂತು.

"ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ಒಬ್ಬರಾದ ಮೇಲೆ ಒಬ್ಬರು ಇವಳ ಹೊಟ್ಟೆ ಮೇಲೆ ಕೈ ಇಟ್ಟಿದ್ದೀರಿ. ಒಬ್ಬರಿಗೂ ಗೊತ್ತಾಗಲಿಲ್ವಾ?"

ಕತ್ತರಿ ನಿಂತಿತು.

*

ಪಾಠಕ್ಕೆ ಪುಸ್ತಕ ಇರಲಿಲ್ಲ. ಗೋಡೆಯ ಮೇಲೆ ಚಿತ್ರವೂ ಇರಲಿಲ್ಲ. ಕಲಿಯಲು ಬಂದವರಿಗೆ ಕೈ ತೊಳೆದು ಬರಲು ಹೇಳಿ ಅಮ್ಮ ತಾನೇ ಮಂಚದ ಮೇಲೆ ಮಲಗುತ್ತಿದ್ದಳು.

"ನೋವು ಅಂತ ಬಂದವರ ಮೇಲೆ ಕಲಿಯೋದು ಬೇಡ. ನನ್ನ ಹೊಟ್ಟೆ ಇದೆಯಲ್ಲ, ಒತ್ತಿ. ತಪ್ಪಾದ್ರೆ ಬೈಯೋಕೆ ಬಾಯಿನೂ ಇದೆ."

ಅವಳು ಕಲಿತದ್ದೂ ಹೀಗೇ. ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದಾಗ, ಮುದುಕಿ ಆಯಾ ಒಬ್ಬಳು ಊಟದ ಬಿಡುವಿನಲ್ಲಿ ಬಟ್ಟೆಗಂಟುಗಳ ಮೇಲೆ ಮಲಗಿ ತನ್ನ ಹೊಟ್ಟೆಯನ್ನೇ ಒಡ್ಡಿ ಕಲಿಸಿದ್ದಳಂತೆ.

ಮಗಳು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ದಿನಗಳು. ಇಂಟರ್‌ವ್ಯೂಗೆ ಹೋದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹೊರಗಿನ ಕೋಣೆಗೆ ಯಾರಾದರೂ ಬಂದರೆ ಅಡುಗೆಮನೆಗೆ ಸರಿದುಬಿಡುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ಕರೆದಳು.

"ಮಾತಾಡೋಕೆ ಆಗದಿದ್ರೆ ಬೇಡ ಬಿಡು. ಈ ಕೆಲಸಕ್ಕೆ ಮಾತು ಬೇಕಾಗಿಲ್ಲ. ಕೈ ತೊಳ್ಕೊಂಡು ಬಾ."

ದೊಡ್ಡವಳಾದ ಮೇಲೆ ಅಮ್ಮನನ್ನು ಮುಟ್ಟಲು ಅವಳಿಗೆ ಒಂದು ನೆಪವೂ ಇರಲಿಲ್ಲ. ಮೊದಲ ದಿನ ಅಂಗೈ ಇಟ್ಟವಳು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಅಮ್ಮ ಕಣ್ಣು ಮುಚ್ಚಿಕೊಂಡೇ, "ಏನು, ಬಿಸಿ ಪಾತ್ರೆ ಮುಟ್ತಿದ್ದೀಯಾ?" ಎಂದಳು. ಇವಳು ಜೋರಾಗಿ ಒತ್ತಿದಳು. "ಹಿಟ್ಟು ನಾದಬೇಡ. ಕೈಯನ್ನ ಮುಳುಗೋಕೆ ಬಿಡು, ತಳ್ಳಬೇಡ." ಒಂದು ದಿನ ಬೆರಳಿಗೆ ಏನೋ ಮಿಡಿದಂತಾಗಿ, "ಕರುಳು ಸಿಕ್ತು," ಎಂದು ಸಂಭ್ರಮದಿಂದ ಹೇಳಿದಾಗ, "ಅದು ಕರುಳಲ್ಲ, ನಿನ್ನ ಅವಸರ," ಎಂದಳು.

ಆಮೇಲೆ ನಿಜಕ್ಕೂ ಸಿಗತೊಡಗಿತು. ಎಡಗಡೆ ಬಳ್ಳಿಯಂತೆ ಜಾರುವ ಕರುಳು. ನಡುವೆ, ತುಂಬ ಆಳದಲ್ಲಿ, ಗೋಡೆಯಾಚೆ ಯಾರೋ ನಡೆದಾಡಿದಂತೆ ಬಡಿಯುವ ನಾಡಿ. ಬಲಗಡೆ, ಹೊಕ್ಕುಳದ ಸಮಕ್ಕೆ, ಗಟ್ಟಿಯಾದ ಒಂದು ಅಂಚು. "ಇದು ಲಿವರ್," ಎಂದು ಅಮ್ಮ ಅವಳ ಬೆರಳನ್ನು ಹಿಡಿದು ಅದರ ಮೇಲೆ ಇಟ್ಟಿದ್ದಳು. "ಇದನ್ನ ಮರೀಬೇಡ. ದಾರಿ ತಪ್ಪಿದ್ರೆ ಇಲ್ಲಿಗೆ ವಾಪಸ್ ಬಾ."

ಬಂದವರನ್ನು ಮುಟ್ಟಲು ಮಾತ್ರ ಅವಳಿಗೆ ಇನ್ನೂ ಅನುಮತಿ ಇರಲಿಲ್ಲ. "ಒಂದು ಹೊಟ್ಟೆ ಪೂರ್ತಿ ಕಲಿ. ಆಮೇಲೆ ಇನ್ನೊಂದು."

*

"ನಾನು ಕಣ್ಣಿನ ಆಸ್ಪತ್ರೆ ನರ್ಸಮ್ಮಾ," ಎಂದಳು ನರ್ಸಕ್ಕ ಚಿಕ್ಕಮ್ಮನಿಗೆ. "ಹೊಟ್ಟೆ ವಿಷಯ ನನಗೆ ಟೀಚರ್ ಹೇಳಿಕೊಟ್ಟಷ್ಟೇ ಗೊತ್ತು. ಆದ್ರೆ ನಾನು ಕಲಿಯುವಾಗ ಹೀಗಿರಲಿಲ್ಲ. ಲಿವರ್ ಇಲ್ಲಿರೋದು ನೋಡಿ." ಅವಳು ತನ್ನ ಬಲ ಪಕ್ಕೆಲುಬಿನ ಅಂಚಿಗೆ ಬೆರಳು ಸೇರಿಸಿದಳು. "ಒಳಗಡೆ. ಸುಮ್ಮನೆ ಹುಡುಕಿದ್ರೆ ಸಿಗಲ್ಲ. ಉಸಿರು ಎಳ್ಕೊಂಡಾಗ ಅಂಚು ಬಂದು ಬೆರಳಿಗೆ ತಾಗಿ ಹೋಗೋದು. ಮೆತ್ತಗೆ, ಕಿವಿ ಹಾಲೆ ಥರ."

"ಅಷ್ಟು ಮೇಲಾ?" ಟೈಲರಕ್ಕ ತಲೆಯೆತ್ತಿದಳು. "ಇಲ್ಲಲ್ವಾ ಇರೋದು?" ಅವಳ ಕೈ ತನ್ನ ಪಕ್ಕೆಲುಬಿನಿಂದ ಸಾಕಷ್ಟು ಕೆಳಗೆ ಕೂತಿತು. "ಉಸಿರು ಗಿಸಿರು ಏನೂ ಬೇಡ. ಕೈ ಇಟ್ರೆ ಸಿಗೋದು."

"ನೀನು ಸರಿಯಾಗಿ ಕಲಿತಿಲ್ಲ ಬಿಡು."

"ಓಹೋ! ಟೇಪು ಕತ್ತಿಗೆ ಹಾಕ್ಕೊಂಡು ಬದುಕೋಳು ನಾನು. ಮೇಲೆ ಯಾವುದು ಕೆಳಗೆ ಯಾವುದು ಅಂತ ನೀವು ನನಗೆ ಹೇಳಿಕೊಡ್ತೀರಾ?"

ನರ್ಸಕ್ಕ ಏನೋ ತಿರುಗೇಟು ಕೊಡಲು ಬಾಯಿ ತೆರೆದವಳು ಹಾಗೇ ನಿಂತಳು. ದನಿ ಇಳಿಯಿತು.

"ನೀನು ಸೇರಿದ್ದು ಯಾವಾಗ?"

"ನನ್ನ ಚಿಕ್ಕವನು ಸ್ಕೂಲಿಗೆ ಹೋಗೋಕೆ ಶುರು ಮಾಡಿದ ವರ್ಷ. ನಿಮಗಿಂತ ಎಷ್ಟೋ ಆಮೇಲೆ. ಯಾಕೆ?"

ನರ್ಸಕ್ಕ ಮಗಳ ಕಡೆ ತಿರುಗಿದಳು. "ನಿನಗೆ ಎಲ್ಲಿ ತೋರಿಸಿದ್ರು ಪುಟ್ಟಾ?"

ಮಗಳು ಅಮ್ಮನ ಬೆನ್ನ ಕೆಳಗಿನಿಂದ ಮೆಲ್ಲನೆ ಕೈ ತೆಗೆದಳು. ಮೂವರೂ ತನ್ನನ್ನೇ ನೋಡುತ್ತಿದ್ದುದರಿಂದ ಕೆನ್ನೆ ಬಿಸಿಯಾಯಿತು. ತನ್ನ ಹೊಟ್ಟೆಯ ಮೇಲೆ, ಹೊಕ್ಕುಳದ ಬಲಕ್ಕೆ, ಅಂಗೈ ಇಟ್ಟಳು.

"ಗಟ್ಟಿಯಾಗಿತ್ತಾ?"

"ಹೂಂ. ಒಣಗಿದ ಸೋಪಿನ ಥರ."

ನರ್ಸಕ್ಕ ಸ್ಟೂಲು ಎಳೆದುಕೊಂಡು ಕೂತಳು. ಅವಳ ಬೆರಳು ಇನ್ನೂ ಪಕ್ಕೆಲುಬಿನ ಅಂಚಿನಲ್ಲೇ ಇತ್ತು. ಟೈಲರಕ್ಕನ ಕೈ ಅದಕ್ಕಿಂತ ಕೆಳಗೆ. ಮಗಳದ್ದು ಇನ್ನೂ ಕೆಳಗೆ. ಚಿಕ್ಕಮ್ಮ ಒಂದು ಕೈಯಿಂದ ಇನ್ನೊಂದು ಕೈಗೆ ನೋಡಿದಳು.

"ಅಂದ್ರೆ?"

ನರ್ಸಕ್ಕ ಪಕ್ಕೆಲುಬಿನಿಂದ ಬೆರಳು ತೆಗೆದಳು.

"ಅಂದ್ರೆ ಏನ್ರೇ ಅದು? ಬಾಯಿ ಬಿಟ್ಟು ಹೇಳಿ."

"ಟೀಚರ್ ಲಿವರ್ ಕೆಳಕ್ಕೆ ಬೆಳೀತಾ ಇತ್ತು," ಎಂದಳು ನರ್ಸಕ್ಕ. "ಬಂದವರೆಲ್ಲ, ಅವತ್ತು ಅದು ಎಲ್ಲಿತ್ತೋ ಅದೇ ಸರಿಯಾದ ಜಾಗ ಅಂತ ಕಲಿತುಕೊಂಡು ಹೋದ್ವಿ."

ಟೈಲರಕ್ಕ ಕತ್ತರಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ಮನೇಲಿ ನಮ್ಮತ್ತೆ ಹೊಟ್ಟೆ ನೋಡಿದ್ದೆ," ಎಂದಳು, ತನ್ನಷ್ಟಕ್ಕೆ ಎಂಬಂತೆ. "ಅದು ಸಿಗಲೇ ಇಲ್ಲ. ನಿಮ್ಮ ಲಿವರ್ ಸೊರಗಿ ಒಳಗೆ ಹೋಗಿದೆ ಅಂತ ಹೆದರಿಸಿಬಿಟ್ಟೆ. ಪಾಪ, ಒಂದು ವಾರ ನಿದ್ದೆ ಮಾಡ್ಲಿಲ್ಲ ಅವರು. ಗುಂಡುಕಲ್ಲಿನ ಹಾಗಿದ್ದಾರೆ ಈಗಲೂ."

"ಆದ್ರೆ ಅಕ್ಕಂಗೆ?" ಚಿಕ್ಕಮ್ಮ ಬಿಡಲಿಲ್ಲ. "ಊರಿನವರ ಹೊಟ್ಟೆಯೆಲ್ಲ ಗೊತ್ತಿದ್ದವಳಿಗೆ ತನ್ನದು ಗೊತ್ತಾಗಬೇಕಿತ್ತಲ್ವಾ?"

"ತನ್ನ ಹೊಟ್ಟೆ ಮೇಲೆ ತಾನೇ ಕೈ ಇಟ್ಟುಕೊಂಡ್ರೆ ಏನೂ ತಿಳಿಯಲ್ಲಮ್ಮಾ. ಕೈ ಹೇಳೋದು, ಹೊಟ್ಟೆ ಹೇಳೋದು ಎರಡೂ ಕಲಸಿಹೋಗುತ್ತೆ. ಟೀಚರೇ ಹೇಳ್ತಿದ್ರು. ತನ್ನದನ್ನ ನೋಡೋಕೆ ಇನ್ನೊಬ್ಬರ ಕೈ ಬೇಕು ಅಂತ."

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಟೈಲರಕ್ಕ ಬೆಚ್ಚಿದವಳಂತೆ ಉಳಿದ ಹೊಲಿಗೆ ಬಿಚ್ಚಿದಳು. ಅಂಗಿಯ ಗುಂಡಿಗಳು ಕೊನೆಗೂ ಕಾಜಾಗಳಿಗೆ ಸೇರಿದವು. ನರ್ಸಕ್ಕ ಬಿಳಿ ಹೊದಿಕೆಯನ್ನು ಎದೆಯವರೆಗೆ ಎಳೆದು, ಅಂಚು ಸರಿಮಾಡಿ, ಮತ್ತೆ ಸರಿಮಾಡಿದಳು.

*

ಅಮ್ಮನ ಕೊನೆಯ ಪಾಠ ಅದೆಂದು ಅವತ್ತು ಯಾರಿಗೂ ತಿಳಿದಿರಲಿಲ್ಲ.

ಬಿಸಿಲಿನ ಮಧ್ಯಾಹ್ನ. ಪರದೆ ಎಳೆದಿತ್ತು. ಅಮ್ಮ ಮಂಚ ಹತ್ತಲು ಹೊತ್ತು ತೆಗೆದುಕೊಂಡಳು. ಯಾವತ್ತೂ ಕಣ್ಣು ಮುಚ್ಚುವವಳು ಅವತ್ತು ಮುಚ್ಚಲಿಲ್ಲ. ತಿರುಗುವ ಫ್ಯಾನಿನ ಕಡೆ ನೋಡುತ್ತಿದ್ದಳು. ಮಗಳು ಎಡದಿಂದ ಶುರುಮಾಡಿ, ನಡುವಿಗೆ ಬಂದು, ಬಲಕ್ಕೆ ಸರಿದಳು. ಈಗ ಕೈ ಹೆದರುತ್ತಿರಲಿಲ್ಲ.

"ಹೇಗಿದೆ?"

"ಸಿಕ್ತು ಅಮ್ಮ."

"ಗಟ್ಟಿ ಇದೆಯಾ?"

"ಹೂಂ. ಗಟ್ಟಿ ಇದೆ."

"ಮೊದಲಿಗಿಂತ?"

ಇಂಟರ್‌ವ್ಯೂಗಳಲ್ಲಿ ಕೈಕೊಟ್ಟ ಉತ್ತರಗಳು ಇಲ್ಲಿ ಸಾಲಾಗಿ ಬರುತ್ತಿದ್ದವು. ಅದರ ಖುಷಿಯಲ್ಲಿ ಅವಳು ಬೆರಳನ್ನು ಇನ್ನೊಮ್ಮೆ ಅಂಚಿನುದ್ದಕ್ಕೂ ಜಾರಿಸಿದಳು. "ಚೆನ್ನಾಗಿ ಗೊತ್ತಾಗ್ತಿದೆ ಈಗ. ಮೊದಲು ಹುಡುಕಬೇಕಾಗ್ತಿತ್ತು. ಈಗ ತಾನೇ ಕೈಗೆ ಬರುತ್ತೆ."

"ಸರಿಯಾಗಿ ನೋಡು."

"ನೋಡಿದೆ ಅಮ್ಮ. ಸರಿಯಾಗಿದೆ. ಎಲ್ಲ ನೀನು ಹೇಳಿದ ಹಾಗೇ ಇದೆ."

ಅಮ್ಮ ಫ್ಯಾನಿನಿಂದ ಕಣ್ಣು ತೆಗೆದು ಅವಳ ಮುಖ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಒಳ್ಳೇ ಕೈ ನಿಂದು," ಎಂದು ಎದ್ದು ಗುಂಡಿ ಹಾಕಿಕೊಂಡಳು.

ಅಮ್ಮ ಯಾರನ್ನೂ ಹೊಗಳಿದವಳಲ್ಲ. ಆ ಮಾತನ್ನು ಮಗಳು ಮನಸ್ಸಿನಲ್ಲಿಟ್ಟುಕೊಂಡು ಎಷ್ಟೋ ದಿನ ಒಬ್ಬಳೇ ಇದ್ದಾಗ ತೆಗೆದು ತೆಗೆದು ನೋಡಿದಳು. ಅಮ್ಮನ ಕಣ್ಣು ಹಳದಿಯಾಗುವವರೆಗೂ ನೋಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆಯ ಮೇಲೆ ಕೈ ಇಟ್ಟವರು ಅಲ್ಲೇ ತಡೆದರು. ಸ್ಕ್ಯಾನಿಗೆ ಬರೆದುಕೊಡುತ್ತಾ, ಗದರದೆ, ಬೇಸರದಿಂದಲೇ ಕೇಳಿದರು: "ಇಷ್ಟು ದಿನ ಏನಮ್ಮಾ ಮಾಡ್ತಿದ್ರಿ?"

"ಪಾಠ ಮಾಡ್ತಿದ್ದೆ," ಎಂದಳು ಅಮ್ಮ.

ಆ ಕೊನೆಯ ಪಾಠದಲ್ಲಿ ಅಮ್ಮ ಶಿಷ್ಯೆಯನ್ನು ಪರೀಕ್ಷಿಸುತ್ತಿದ್ದಳೋ, ತನ್ನದನ್ನು ನೋಡಲು ಇನ್ನೊಬ್ಬರ ಕೈ ಕೇಳುತ್ತಿದ್ದಳೋ. ಆಸ್ಪತ್ರೆಯ ಅಷ್ಟೂ ದಿನಗಳಲ್ಲಿ, ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಮಗಳು ಅದನ್ನು ಕೇಳಬೇಕೆಂದುಕೊಂಡಳು. ಕೇಳದೆ ಹೊದಿಕೆ ಸರಿಮಾಡುತ್ತಿದ್ದಳು. ಆಮೇಲೆ ಅಮ್ಮನಿಗೆ ಉತ್ತರ ಹೇಳುವಷ್ಟು ಎಚ್ಚರ ಇರಲಿಲ್ಲ.

*

ಬೀದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ಅಪ್ಪ ತುದಿಯ ಕುರ್ಚಿಯಲ್ಲಿ ಕೂತಿದ್ದರು. ಡ್ರೈವಿಂಗ್ ಸ್ಕೂಲಿನಲ್ಲಿ ದಿನವಿಡೀ ಅಪರಿಚಿತರ ಪಕ್ಕ ಕೂತು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಬದುಕಿದವರು. ಇವತ್ತೂ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿಕೊಂಡಿತ್ತು.

"ಬೀದಿಗೆಲ್ಲ ಒತ್ತಿದ ಕೈ," ಎಂದರು ಎದುರು ಮನೆಯವರು, ಏನಾದರೂ ಹೇಳಬೇಕಲ್ಲ ಎಂದು. "ನಿಮಗಂತೂ ಮನೇಲೇ ಡಾಕ್ಟರ್ ಇದ್ದ ಹಾಗಿತ್ತು ಬಿಡಿ."

"ನನಗೆ ಕಚಗುಳಿ," ಎಂದರು ಅಪ್ಪ. "ಒಂದು ಸಲವೂ ಮುಟ್ಟೋಕೆ ಬಿಟ್ಟಿಲ್ಲ. 'ಮದುವೆಯಾದವನೇ ನನ್ನ ಕೈಗೆ ಸಿಗಲ್ಲ ನೋಡಿ' ಅಂತ ಬಂದವರ ಹತ್ರ ಎಲ್ಲ ಹೇಳಿ ನಗ್ತಿದ್ಲು."

ಎದುರು ಮನೆಯವರು ನಕ್ಕರು. ಅಪ್ಪನೂ ನಗಲು ಹೊರಟು, ಆಗದೆ, ಕುರ್ಚಿಯಿಂದ ಎದ್ದು ವ್ಯಾನಿನ ಬಾಗಿಲು ಹಿಡಿದು ನಿಂತರು. ಒಳಗಿನಿಂದ ಅಮ್ಮನನ್ನು ತಂದರು. ನಡು ಬಗ್ಗದಂತೆ ಹಿಡಿಯಿರಿ ಎಂದು ನರ್ಸಕ್ಕ ಹಿಂದಿನಿಂದ ಹೇಳುತ್ತಲೇ ಇದ್ದಳು.

ಅಮ್ಮನಿಂದ ಕಲಿತ ಹೆಂಗಸರು ಗೋಡೆಯ ಪಕ್ಕ ಸಾಲಾಗಿ ನಿಂತಿದ್ದರು. ಒಳಗಿನ ಮಾತು ಆಗಲೇ ಒಬ್ಬರಿಂದ ಒಬ್ಬರಿಗೆ ದಾಟಿತ್ತು. ಯಾರೂ ಗಟ್ಟಿಯಾಗಿ ಅಳಲಿಲ್ಲ. ವ್ಯಾನು ಹೊರಟಾಗ ಮಗಳು ಅದರ ಕಿಟಕಿಯಿಂದ ಕಂಡಳು: ಒಬ್ಬೊಬ್ಬರ ಕೈ ತಮಗೆ ಗೊತ್ತಿಲ್ಲದಂತೆ ತಮ್ಮ ಬಲಪಕ್ಕೆಗೆ ಹೋಗಿತ್ತು, ಒಬ್ಬೊಬ್ಬರದು ಒಂದೊಂದು ಎತ್ತರದಲ್ಲಿ.

ಸ್ಮಶಾನದ ಕೆಲಸ ಬೇಗ ಮುಗಿಯಿತು. ಇಷ್ಟು ಬೇಗ ಮುಗಿಯುತ್ತದೆಂದು ಮಗಳಿಗೆ ಗೊತ್ತಿರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನದ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಯಾರೋ ನೆಲ ಒರೆಸಿ, ಮಂಚಕ್ಕೆ ತೊಳೆದ ಹಾಸು ಹಾಕಿದ್ದರು. ಬಂದವರು ಒಬ್ಬೊಬ್ಬರಾಗಿ ಚದುರಿದರು. ಟೈಲರಕ್ಕ, "ಕಷ್ಟ ಸುಖ ಏನಿದ್ರೂ ಹೇಳು," ಎಂದು ತಲೆ ಸವರಿದಳು. ನರ್ಸಕ್ಕ ಎಣ್ಣೆಯ ಬಾಟಲಿಗಳ ಮುಚ್ಚಳ ಬಿಗಿಮಾಡಿ ಹೋದಳು. ಅಪ್ಪ ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದರು. ಮಗಳು ಟವೆಲುಗಳನ್ನು ಬಿಚ್ಚಿ ಮತ್ತೆ ಮಡಚಿದಳು. ಮಡಿಕೆ ಅಮ್ಮನ ಹಾಗೆ ಬರಲಿಲ್ಲ.

ತಿರುಗಿ ನೋಡಿದರೆ ಚಿಕ್ಕಮ್ಮ ಮಂಚದ ಮೇಲೆ ಕೂತಿದ್ದಳು.

"ಒಂದು ಸಲ ನೋಡ್ತೀಯಾ?"

"ಏನು ಚಿಕ್ಕಮ್ಮ?"

"ನನ್ನ ಹೊಟ್ಟೆ." ಚಿಕ್ಕಮ್ಮ ದನಿ ತಗ್ಗಿಸಿದಳು. "ಸುಮಾರು ದಿನದಿಂದ ಇಲ್ಲಿ ಏನೋ ಹಿಡಿದ ಹಾಗಿದೆ. ಫೋನ್ ಮಾಡಿದಾಗೆಲ್ಲ ಅಕ್ಕಂಗೆ ಹೇಳೋಣ ಅಂದ್ಕೋತಿದ್ದೆ. ಬಾ ಇಲ್ಲಿಗೆ, ನೋಡ್ತೀನಿ ಅಂತಾಳೆ, ನೋಡಿ ಏನು ಹೇಳ್ತಾಳೋ ಅಂತ ಭಯ. ಹೇಳಲೇ ಇಲ್ಲ. ಆಮೇಲೆ ಅವಳಿಗೇ ಹೀಗಾಯ್ತು."

"ಡಾಕ್ಟರ ಹತ್ರ ಹೋಗೋಣ. ನಾಳೆನೇ ಹೋಗೋಣ, ನಾನೂ ಬರ್ತೀನಿ."

"ಹೋಗೋಣ. ನಾಳೆ ತನಕ ಹೇಗಿರ್ಲಿ ನಾನು? ಒಂದೇ ತಾಯಿ ಹೊಟ್ಟೇಲಿ ಬಂದವರು ನಾವಿಬ್ಬರು." ಅವಳು ಆಗಲೇ ಮಲಗಿ ಅಂಗಿ ಮೇಲಕ್ಕೆ ಸರಿಸಿಕೊಂಡಿದ್ದಳು. "ನಿನಗೆ ಕಲಿಸಿದ್ದಾಳಲ್ಲ. ನಿಂದು ಒಳ್ಳೇ ಕೈ ಅಂತ ಹೇಳಿದ್ಲು ನನ್ನ ಹತ್ರ."

ಮಗಳು ಕೈ ತೊಳೆದು ಬಂದಳು. ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. ಚಿಕ್ಕಮ್ಮ ಕಣ್ಣು ಬಿಟ್ಟುಕೊಂಡೇ ಫ್ಯಾನಿನ ಕಡೆ ನೋಡುತ್ತಿದ್ದಳು.

ಕೈ ಮೊದಲು ತನಗೆ ಗೊತ್ತಿದ್ದ ಜಾಗಕ್ಕೆ ಹೋಯಿತು. ಹೊಕ್ಕುಳದ ಬಲಕ್ಕೆ. ಅಲ್ಲಿ ಏನೂ ಇರಲಿಲ್ಲ. ಕೈ ಮುಳುಗಿತು, ಮುಳುಗುತ್ತಲೇ ಹೋಯಿತು. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟ ಹಾಗಾಯಿತು. ಸ್ವಲ್ಪ ಮೇಲೆ ಸರಿಸಿದಳು. ಅಲ್ಲೂ ಮೆತ್ತಗೆ. ಇನ್ನೂ ಮೇಲೆ. ಬೆರಳಿಗೆ ಪಕ್ಕೆಲುಬು ತಗುಲಿತು. ಅದರ ಕೆಳಗೆ ಏನೋ ಒಂದು ತುಸು ಬಿಗಿಯಾಗಿ ಕಂಡಂತಾಯಿತು, ಉಸಿರು ಬಿಟ್ಟಾಗ ಇಲ್ಲವಾಯಿತು. ಅದು ಇರಬೇಕಾದದ್ದೋ, ಇರಬಾರದ್ದೋ. ನರ್ಸಕ್ಕನ ಮಾತನ್ನು ನೆನಪಿಸಿಕೊಳ್ಳಲು ನೋಡಿದಳು. ಅದು ಅವಳ ತಲೆಯಲ್ಲಿತ್ತು. ಕೈಯಲ್ಲಿ ಇರಲಿಲ್ಲ.

"ಹೇಗಿದೆ?" ಎಂದಳು ಚಿಕ್ಕಮ್ಮ.

ಸರಿಯಾಗಿದೆ ಎಂಬ ಮಾತು ತಾನಾಗಿ ನಾಲಿಗೆಯ ತುದಿಗೆ ಬಂತು. ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೆದರಿಕೆಯಾಯಿತು.

"ಗೊತ್ತಾಗ್ತಿಲ್ಲ ಚಿಕ್ಕಮ್ಮ."

"ಗೊತ್ತಾಗ್ತಿಲ್ಲ ಅಂದ್ರೆ? ಏನಾದ್ರೂ ಇದೆಯಾ? ಮುಚ್ಚಿಡಬೇಡ ನನ್ನ ಹತ್ರ."

"ಇಲ್ಲ, ಮುಚ್ಚಿಡ್ತಿಲ್ಲ. ನಿಜವಾಗ್ಲೂ ನನಗೆ ಗೊತ್ತಾಗ್ತಿಲ್ಲ. ನಾನು ಅಮ್ಮನ ಹೊಟ್ಟೆ ಒಂದನ್ನೇ ಮುಟ್ಟಿರೋದು."

ಒಳಕೋಣೆಯಲ್ಲಿ ಅಪ್ಪ ಮಗ್ಗುಲು ಬದಲಿಸಿದ ಸದ್ದಾಯಿತು. ಮಗಳು ಕೈ ತೆಗೆಯಲು ಹೋದಳು. ಚಿಕ್ಕಮ್ಮನ ಕೈ ಬಂದು ಅದರ ಮೇಲೆ ಕೂತಿತು.

"ತೆಗೀಬೇಡ. ಇರಲಿ. ನಾಳೆ ಹೋಗೋಣ."

ಕೈಯ ಕೆಳಗೆ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಮಗಳು ಒತ್ತುತ್ತಿರಲಿಲ್ಲ, ಹುಡುಕುತ್ತಿರಲಿಲ್ಲ. ಆದರೂ ಚಿಕ್ಕಮ್ಮನ ಮೆತ್ತನೆಯ ಹೊಟ್ಟೆಯ ಮೇಲೆ ಅವಳ ಬೆರಳುಗಳು ತಾವೇ ಮೆಲ್ಲಗೆ ಕೆಳಕ್ಕೆ ಸರಿದು, ತಾವೇ ಬಾಗಿ, ಅಲ್ಲಿಲ್ಲದ ಒಂದು ಅಂಚನ್ನು ಹಿಡಿದುಕೊಂಡಿದ್ದವು.